‘ಜೀವಾರ್ಥ’ ಪದದ ವಿಗ್ರಹವಿಚಾರ

1. ಪ್ರಸ್ತಾವನೆ

ಕಳೆದ ಕೆಲವು ವರ್ಷಗಳಿಂದ ಕನ್ನಡದ ಪತ್ರಿಕೆಗಳಲ್ಲಿಯೂ ಸರ್ಕಾರದ ಪ್ರಕಟನೆಗಳ ಅನುವಾದಗಳಲ್ಲಿಯೂ ‘ಜೈವಿಕ ಆರ್ಥಿಕತೆ’ ಎಂಬ ಪದವು ಬಳಕೆಗೆ ಬಂದಿದೆ. ಇಂಗ್ಲಿಷಿನ ‘ಬಯೋಎಕಾನಮಿ’ ಎಂಬುದಕ್ಕೆ ಇದನ್ನು ಪ್ರತಿಪದವಾಗಿ ಪ್ರಯೋಗಿಸುತ್ತಾರೆ. ಇದರ ಜೊತೆಯಲ್ಲಿಯೇ ‘ಹಸಿರು ಆರ್ಥಿಕತೆ’, ‘ವೃತ್ತೀಯ ಆರ್ಥಿಕತೆ’, ‘ಸುಸ್ಥಿರ ಆರ್ಥಿಕತೆ’ ಎಂಬ ಮೂರು ಪದಗಳೂ ಪ್ರಚಾರದಲ್ಲಿವೆ. ಈ ನಾಲ್ಕನ್ನೂ ಪರ್ಯಾಯಪದಗಳೆಂದು ಭಾವಿಸಿ, ಒಂದರ ಸ್ಥಾನದಲ್ಲಿ ಮತ್ತೊಂದನ್ನು ನಿಸ್ಸಂಕೋಚವಾಗಿ ಇಡುವ ರೂಢಿಯು ಬೆಳೆಯುತ್ತಿರುವುದು ಕಂಡುಬರುತ್ತದೆ. ಅಮರಕೋಶವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಒಂದೇ ವಸ್ತುವಿಗೆ ಅನೇಕ ಹೆಸರುಗಳಿರುವುದನ್ನು ಕಂಡು ಬೆದರುವುದಿಲ್ಲ; ಆದರೆ ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ಹೇಳಿದಾಗ ಅವನು ಎಚ್ಚರಗೊಳ್ಳತಕ್ಕದ್ದು.

ಈ ವಿಚಾರವು ಕೇವಲ ಪದವಿನೋದವಲ್ಲ. 2024ನೆಯ ಇಸವಿ ಆಗಸ್ಟ್ 24ರಂದು ಕೇಂದ್ರ ಮಂತ್ರಿಮಂಡಲವು ‘ಬಯೋಇ3’ ಎಂಬ ನೀತಿಗೆ ಒಪ್ಪಿಗೆಯಿತ್ತಿತು. ಆರ್ಥಿಕತೆ, ಪರಿಸರ, ಉದ್ಯೋಗ ಈ ಮೂರಕ್ಕಾಗಿ ಜೀವತಂತ್ರಜ್ಞಾನ ಎಂಬುದು ಆ ಹೆಸರಿನ ತಾತ್ಪರ್ಯ. 2030ರೊಳಗಾಗಿ ದೇಶದ ಜೈವಿಕ ಆರ್ಥಿಕತೆಯು 30,000 ಕೋಟಿ ಡಾಲರ್ ಮೌಲ್ಯವನ್ನು ಮುಟ್ಟಬೇಕೆಂಬುದು ಸರ್ಕಾರದ ಗುರಿ. ಇಷ್ಟು ದೊಡ್ಡ ಮೊತ್ತವನ್ನು ಒಂದು ಪದದ ಹೆಗಲಮೇಲೆ ಹೊರಿಸಿರುವಾಗ, ಆ ಪದವು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ವಿಚಾರಿಸುವುದು ಭಾಷೆಯನ್ನು ಕಲಿಸುವವರ ಕರ್ತವ್ಯವೂ ಆಗುತ್ತದೆ.

ವಿಚಾರಕ್ಕೆ ಬೇಕಾದ ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ಬೆಂಗಳೂರಿನ ಉತ್ತರಭಾಗವು ಈ ಪದಗಳು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಅವುಗಳ ವಸ್ತುವನ್ನು ಕಂಡಿದ್ದ ಪ್ರದೇಶ. ಹೆಬ್ಬಾಳದಲ್ಲಿ 1913ರಲ್ಲಿ ವ್ಯವಸಾಯ ಶಾಲೆಯೂ, 1946ರಲ್ಲಿ ವ್ಯವಸಾಯ ಕಾಲೇಜೂ ಪ್ರಾರಂಭವಾದುವು. 1964ರಲ್ಲಿ ಅಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯವು ಏರ್ಪಟ್ಟಿತು. ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರವು ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿದೆ. ಯಶವಂತಪುರದ ಮಗ್ಗುಲಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಜಕ್ಕೂರು ಹೆಬ್ಬಾಳಗಳಲ್ಲಿ ನಗರದ ಕೊಳಚೆನೀರನ್ನು ಶುದ್ಧಿಗೊಳಿಸುವ ಘಟಕಗಳೂ ಕೆರೆಗಳೂ ಇವೆ. ಹೊಂಗೆ, ಸಗಣಿ, ನೀರು ಎಂಬ ಮೂರು ವಸ್ತುಗಳನ್ನು ಇಲ್ಲಿಂದ ತೆಗೆದುಕೊಂಡು ಮೇಲಿನ ನಾಲ್ಕು ಪದಗಳನ್ನು ಪರೀಕ್ಷಿಸಬಹುದಾಗಿದೆ.

2. ಪದಸ್ವರೂಪ

‘ಆರ್ಥಿಕತೆ’ ಎಂಬ ರೂಪದಲ್ಲಿಯೇ ಮೊದಲ ತೊಡಕು ಇದೆ. ‘ಅರ್ಥ’ ಶಬ್ದದ ಮೇಲೆ ತದ್ಧಿತಪ್ರತ್ಯಯವು ಬಂದು ‘ಆರ್ಥಿಕ’ ಎಂದಾಯಿತು. ಅದರ ಮೇಲೆ ಭಾವಾರ್ಥದ ‘ತಾ’ ಪ್ರತ್ಯಯ ಬಂದು ‘ಆರ್ಥಿಕತೆ’ ಎಂದಾಯಿತು. ಆದಕಾರಣ ಈ ಪದಕ್ಕೆ ‘ಅರ್ಥಸಂಬಂಧಿಯಾಗಿರುವಿಕೆ’ ಎಂಬ ಧರ್ಮಮಾತ್ರವು ಅರ್ಥವಾಗುವುದೇ ಹೊರತು, ದುಡಿಯುವವರು, ಕೊಳ್ಳುವವರು, ಹೊಲ, ಕಾರ್ಖಾನೆ, ಸಂತೆ ಇವೆಲ್ಲ ಸೇರಿದ ಒಂದು ವ್ಯವಸ್ಥೆಯು ಅರ್ಥವಾಗುವುದಿಲ್ಲ. ಗ್ರೀಕ್ ಮೂಲದ ‘ಎಕಾನಮಿ’ ಎಂಬ ಪದದಲ್ಲಿ ಮನೆ, ನಿಯಮ ಎಂಬ ಎರಡು ಮಾತುಗಳಿವೆ. ಮನೆವಾರ್ತೆಯನ್ನು ನಡೆಸುವ ಕ್ರಮವೆಂಬುದು ಅದರ ಮೊದಲ ಅರ್ಥ. ಅದಕ್ಕೆ ‘ಅರ್ಥವ್ಯವಸ್ಥೆ’ ಎಂಬುದೇ ಸಮೀಪದ ಪದ. ‘ಆರ್ಥಿಕತೆ’ ರೂಢಿಗೆ ಬಂದುಬಿಟ್ಟಿರುವುದರಿಂದ ಅದನ್ನು ತೆಗೆದುಹಾಕಬೇಕೆಂದು ಹಟ ಮಾಡಬೇಕಾಗಿಲ್ಲ. ಆದರೆ ವ್ಯವಸ್ಥೆಯೆಂದಾಗ ಅದನ್ನು ಏರ್ಪಡಿಸುವ ಕರ್ತೃವೊಬ್ಬನು ನೆನಪಿಗೆ ಬರುತ್ತಾನೆ. ‘ತೆ’ ಎಂಬ ಪ್ರತ್ಯಯದಲ್ಲಿ ಅವನು ಅಡಗಿಹೋಗುತ್ತಾನೆ. ಇದನ್ನು ಗಮನದಲ್ಲಿಡುವುದು ಒಳ್ಳೆಯದು.

‘ವೃತ್ತೀಯ’ ಎಂಬ ಪದವು ಇನ್ನೊಂದು ತೊಡಕು. ಅದು ‘ವೃತ್ತ’ ಶಬ್ದದಿಂದ ಬಂದುದೆಂದು ಬಲ್ಲವರಿಗೆ ಮಾತ್ರ ಅದರ ಅರ್ಥ ಸ್ಪಷ್ಟ. ಸಾಮಾನ್ಯ ಓದುಗನಿಗೆ ‘ವೃತ್ತಿ’ಯೇ ಮೊದಲು ತೋರುವುದರಿಂದ, ಅದು ಕಸುಬಿಗೆ ಸಂಬಂಧಪಟ್ಟ ಯಾವುದೋ ಸಂಗತಿಯೆಂದು ಅವನು ಗ್ರಹಿಸುತ್ತಾನೆ. ‘ಚಕ್ರೀಯ’ ಎಂಬುದೇ ಲೇಸು. ಚಕ್ರಬಡ್ಡಿಯನ್ನು ಬಲ್ಲ ಕನ್ನಡಿಗನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಈ ಲೇಖನದಲ್ಲಿ ಅದನ್ನೇ ಬಳಸಲಾಗಿದೆ.

3. ವಿಗ್ರಹತ್ರಯ

‘ಜೈವಿಕ ಅರ್ಥವ್ಯವಸ್ಥೆ’ ಎಂಬುದನ್ನು ಪರೀಕ್ಷೆಯ ಸೌಕರ್ಯಕ್ಕಾಗಿ ‘ಜೀವಾರ್ಥ’ವೆಂಬ ಒಂದೇ ಸಮಾಸಪದವಾಗಿ ಸಂಕ್ಷೇಪಿಸಿದರೆ, ಅದನ್ನು ಯಾವ ವಿಭಕ್ತಿಯಿಂದ ಬಿಡಿಸಬೇಕೆಂಬ ಪ್ರಶ್ನೆಯು ಏಳುತ್ತದೆ. ಮೂರು ವಿಗ್ರಹಗಳು ಸಂಭವಿಸುತ್ತವೆ. ಜೀವವನ್ನು ಸಾಧನವಾಗಿ ಮಾಡಿಕೊಂಡು ಪಡೆದ ಅರ್ಥ, ಇದು ತೃತೀಯಾ. ಜೀವದ ದೆಸೆಯಿಂದ ತೆಗೆದುಕೊಂಡ ಅರ್ಥ, ಇದು ಪಂಚಮೀ. ಜೀವಕ್ಕಾಗಿ ಇರುವ ಅರ್ಥ, ಇದು ಚತುರ್ಥೀ. ಮೊದಲನೆಯದರಲ್ಲಿ ಜೀವವು ಕರಣ, ಎರಡನೆಯದರಲ್ಲಿ ಅಪಾದಾನ, ಮೂರನೆಯದರಲ್ಲಿ ಸಂಪ್ರದಾನ.

ಈ ಮೂರು ವಿಗ್ರಹಗಳೂ ಪಂಡಿತರ ಕಲ್ಪನೆಯಲ್ಲಿ ಮಾತ್ರ ಇರುವುವಲ್ಲ. ಪದದ ಚರಿತ್ರೆಯಲ್ಲಿಯೇ ಇವೆ. ರುಮಾನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ನಿಕೊಲಸ್ ಜಾರ್ಜೆಸ್ಕು-ರೋಗನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಅನಂತರದ ಬರಹಗಳಲ್ಲಿಯೂ ಒಂದು ವಿಷಯವನ್ನು ಪ್ರತಿಪಾದಿಸಿದರು. ಉತ್ಪಾದನೆಯೆಲ್ಲವೂ ಉಷ್ಣಶಾಸ್ತ್ರದ ನಿಯಮಕ್ಕೆ ಒಳಪಟ್ಟುದು. ಉಪಯೋಗಕ್ಕೆ ಬರುವ ಶಕ್ತಿಯು ಬಳಸಿದಂತೆಲ್ಲ ಉಪಯೋಗಕ್ಕೆ ಬಾರದ ಸ್ಥಿತಿಗೆ ಇಳಿಯುತ್ತದೆ. ಆದುದರಿಂದ ಮನುಷ್ಯನ ಅರ್ಥವ್ಯವಸ್ಥೆಯು ಭೂಮಿಯ ಜೀವವ್ಯವಸ್ಥೆಯ ಮಿತಿಯೊಳಗೆ ನಿಲ್ಲಬೇಕು ಎಂಬುದೇ ಆ ವಿಷಯ. ‘ಜೀವಾರ್ಥ’ವು ಅವರಲ್ಲಿ ಚತುರ್ಥಿಯಾಗಿತ್ತು. 2009ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2030ರವರೆಗಿನ ಜೈವಿಕ ಆರ್ಥಿಕತೆಯನ್ನು ಕುರಿತು ವರದಿಯನ್ನು ಹೊರಡಿಸಿದಾಗ, ಜೀವತಂತ್ರಜ್ಞಾನವು ಉತ್ಪಾದನೆಯಲ್ಲಿ ಎಷ್ಟು ಪಾಲನ್ನು ಕೊಟ್ಟೀತೆಂಬುದು ಮುಖ್ಯ ಪ್ರಶ್ನೆಯಾಯಿತು. ಪದವು ತೃತೀಯೆಗೆ ತಿರುಗಿತು. 2012ರಲ್ಲಿ ಐರೋಪ್ಯ ಒಕ್ಕೂಟದ ಕಾರ್ಯನೀತಿಯು ಕಲ್ಲೆಣ್ಣೆಯ ಸ್ಥಾನದಲ್ಲಿ ಬೆಳೆ, ಮರ, ಕಡಲ ಜೀವಿ, ತ್ಯಾಜ್ಯ ಇವುಗಳಿಂದ ಆಹಾರವನ್ನೂ ಇಂಧನವನ್ನೂ ಸರಕನ್ನೂ ತೆಗೆಯುವ ಬಗೆಯನ್ನು ಮುಂದಿಟ್ಟಿತು, ಅದು ಪಂಚಮೀ. ಅದೇ ನೀತಿಯನ್ನು 2018ರಲ್ಲಿ ಪರಿಷ್ಕರಿಸಿದಾಗ ಪರಿಸರದ ಮಿತಿಗಳ ಮಾತು ಹೆಚ್ಚಾಗಿ ಸೇರಿತು. 2016ರಲ್ಲಿ ಬುಗ್ಗೆ, ಹಾನ್ಸೆನ್, ಕ್ಲಿಟ್ಕೌ ಎಂಬ ಮೂವರು ವಿದ್ವಾಂಸರು ಅಂದಿನವರೆಗಿನ ಲೇಖನಗಳನ್ನು ಶೋಧಿಸಿ, ತಂತ್ರಜ್ಞಾನವನ್ನು ಮುಖ್ಯವಾಗಿ ಕಾಣುವುದು, ಸಂಪನ್ಮೂಲವನ್ನು ಮುಖ್ಯವಾಗಿ ಕಾಣುವುದು, ಜೀವಪರಿಸರವನ್ನು ಮುಖ್ಯವಾಗಿ ಕಾಣುವುದು ಎಂದು ಮೂರು ದೃಷ್ಟಿಗಳನ್ನು ಗುರುತಿಸಿದರು. ಸಂಸ್ಕೃತವ್ಯಾಕರಣದ ಅರಿವಿನಿಂದಲ್ಲ, ವಿಷಯದ ಬಲದಿಂದಲೇ ಅವರು ತೃತೀಯಾ, ಪಂಚಮೀ, ಚತುರ್ಥೀ ಎಂಬ ಈ ವಿಭಾಗಕ್ಕೆ ಬಂದು ತಲುಪಿದ್ದಾರೆಂಬುದು ಗಮನಾರ್ಹ.

ಪಾಣಿನಿಯ ಸಮಾಸಪ್ರಕರಣವು ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದನ್ನು ತೋರಿಸುತ್ತದೆ. ಉತ್ತರಪದದಲ್ಲಿ ‘ಅರ್ಥ’ಶಬ್ದವಿದ್ದರೆ ತೃತೀಯಾಸಮಾಸಕ್ಕೆ ಸ್ಪಷ್ಟವಾದ ವಿಧಿಯುಂಟು; ‘ಧಾನ್ಯಾರ್ಥ’ವೆಂಬುದು ಅದಕ್ಕೆ ವೃತ್ತಿಕಾರರು ಕೊಡುವ ಉದಾಹರಣೆ. ಚತುರ್ಥೀಸಮಾಸಕ್ಕೂ ಸ್ಪಷ್ಟವಾದ ವಿಧಿಯುಂಟು. ಅಲ್ಲಿ ಅದು ನಿತ್ಯಸಮಾಸವೆಂದೂ ಹೇಳಿದ್ದಾರೆ. ಪಂಚಮೀಸಮಾಸದ ವಿಧಿಯಲ್ಲಾದರೋ ಭಯವಾಚಕವೇ ಮೊದಲಾದ ಬೇರೆ ಪದಗಳಿವೆ, ‘ಅರ್ಥ’ಶಬ್ದವಿಲ್ಲ. ಆದ್ದರಿಂದ ‘ಜೀವಾರ್ಥ’ವೆಂದಾಗ ಶಾಸ್ತ್ರಾಭ್ಯಾಸಿಯ ಕಿವಿಗೆ ಮೊದಲು ಬೀಳುವುದು ‘ಜೀವಕ್ಕಾಗಿ’ ಎಂಬ ಚತುರ್ಥಿಯೇ. ಆದರೆ ಈ ಚತುರ್ಥಿಯಲ್ಲಿ ‘ಅರ್ಥ’ಕ್ಕೆ ಪ್ರಯೋಜನವೆಂದು ಅರ್ಥವೇ ಹೊರತು ಧನವೆಂದಲ್ಲ. ಆದುದರಿಂದ ವ್ಯಾಕರಣದ ಬಲದಿಂದ ಅರ್ಥಶಾಸ್ತ್ರದ ಸಿದ್ಧಾಂತವು ಸಾಧಿತವಾಯಿತೆಂದು ಹೇಳಿದರೆ ಅದು ಸಾಹಸವಾಗುವುದು. ವ್ಯಾಕರಣವು ಪ್ರಶ್ನೆಯನ್ನು ಎತ್ತಿಕೊಡುತ್ತದೆ. ಉತ್ತರವನ್ನು ವಸ್ತುವಿನಲ್ಲಿಯೇ ಹುಡುಕಬೇಕು.

ಕನ್ನಡದಲ್ಲಿ ಈ ಪ್ರಶ್ನೆಯು ಇನ್ನಷ್ಟು ಮರೆಯಾಗುತ್ತದೆ. ಹಳಗನ್ನಡದ ವೈಯಾಕರಣರು ಪಂಚಮಿಗೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಬೇರೆಯಾಗಿ ಹೇಳಿದರು. ಶಾಲೆಯ ವ್ಯಾಕರಣದಲ್ಲಿ ‘ದೆಸೆಯಿಂದ’ ಎಂದು ಕಲಿಸುತ್ತಾರೆ. ಆದರೆ ಬಳಕೆಯ ಮಾತಿನಲ್ಲಿ ಕೊಡಲಿಯಿಂದ ಕಡಿದನೆಂಬಲ್ಲಿಯೂ ಮರದಿಂದ ಕಿತ್ತನೆಂಬಲ್ಲಿಯೂ ‘ಇಂದ’ ಎಂಬುದು ಒಂದೇ. ‘ಜೀವದಿಂದ ಸಂಪತ್ತು’ ಎಂದಾಗ ಜೀವವು ಕೊಡಲಿಯೋ ಮರವೋ ತಿಳಿಯುವುದಿಲ್ಲ. ಸಾಧನವಾದರೆ ಅದು ಕೆಲಸದ ಕೊನೆಯಲ್ಲಿಯೂ ಉಳಿಯಬಹುದು. ಅಪಾದಾನವಾದರೆ ಅದರಿಂದ ಏನೋ ಒಂದು ಕಳೆದುಹೋಗಿರುತ್ತದೆ. ಈ ಭೇದವೇ ಮುಂದಿನ ಪರೀಕ್ಷೆಗೆ ಮೂಲ.

4. ನೆರೆಪದಗಳ ಲಕ್ಷಣ

ಉಳಿದ ಮೂರು ಪದಗಳ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ‘ಸುಸ್ಥಿರ’ವೆಂಬ ಭಾವನೆಯ ಬೇರು ಜರ್ಮನಿಯ ಅರಣ್ಯಶಾಸ್ತ್ರದಲ್ಲಿದೆ. 1713ರಲ್ಲಿ ಕಾರ್ಲೊವಿಟ್ಸ್ ಎಂಬ ಗಣಿಯ ಅಧಿಕಾರಿಯು, ಬೆಳೆದುಬರುವಷ್ಟನ್ನು ಮೀರಿ ಮರ ಕಡಿಯಬಾರದೆಂಬ ತತ್ತ್ವವನ್ನು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. 1987ರಲ್ಲಿ ಬ್ರುಂಟ್‌ಲ್ಯಾಂಡ್ ಆಯೋಗವು ಅದನ್ನು ಮುಂದಿನ ತಲೆಮಾರುಗಳ ಅಗತ್ಯಕ್ಕೆ ವಿಸ್ತರಿಸಿತು. ‘ಹಸಿರು ಅರ್ಥವ್ಯವಸ್ಥೆ’ಯು 1989ರಲ್ಲಿ ಪಿಯರ್ಸ್, ಮಾರ್ಕಂಡೇಯ, ಬಾರ್ಬಿಯರ್ ಎಂಬವರ ಗ್ರಂಥದಿಂದ ಪ್ರಸಿದ್ಧಿಗೆ ಬಂದು, 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಲ್ಲಿ ಮಾನವರ ಕ್ಷೇಮ ಮತ್ತು ಸಮತೆಗಳು ಹೆಚ್ಚಿ, ಪರಿಸರದ ಅಪಾಯಗಳು ಕಡಿಮೆಯಾಗುವ ವ್ಯವಸ್ಥೆಯೆಂದು ನಿರೂಪಿತವಾಯಿತು. ‘ಚಕ್ರೀಯ ಅರ್ಥವ್ಯವಸ್ಥೆ’ಗೆ ಬೀಜವು 1966ರಲ್ಲಿ ಬೌಲ್ಡಿಂಗ್ ಎಂಬವರು ಭೂಮಿಯನ್ನು ಆಕಾಶನೌಕೆಗೆ ಹೋಲಿಸಿ ಬರೆದ ಲೇಖನದಲ್ಲಿದೆ. 2008ರಲ್ಲಿ ಚೀನಾದೇಶವು ಅದಕ್ಕಾಗಿ ಶಾಸನವನ್ನೇ ಮಾಡಿತು. 2010ರಲ್ಲಿ ಸ್ಥಾಪಿತವಾದ ಎಲೆನ್ ಮೆಕಾರ್ಥರ್ ಪ್ರತಿಷ್ಠಾನವು ಮಣ್ಣಿಗೆ ಮರಳುವ ವಸ್ತುಗಳ ಚಕ್ರವೊಂದು, ಲೋಹಾದಿಗಳ ಚಕ್ರವೊಂದು ಎಂದು ಅದನ್ನು ಎರಡಾಗಿ ವಿಭಾಗಿಸಿತು.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. ಜೈವಿಕವಾದುದೇ ಸುಸ್ಥಿರವೆಂದು ಲಕ್ಷಣ ಮಾಡಿದರೆ ಅತಿವ್ಯಾಪ್ತಿ. ಕಾಡನ್ನು ಬೆಳವಣಿಗೆಯನ್ನು ಮೀರಿ ಕಡಿದು ಸೌದೆ ಮಾರುವುದೂ ಜೈವಿಕವೇ, ಆದರೆ ಕಾರ್ಲೊವಿಟ್ಸನು ನಿಷೇಧಿಸಿದುದೂ ಅದನ್ನೇ. ಚಕ್ರೀಯವೆಲ್ಲವೂ ಜೈವಿಕವೆಂದರೂ ಅತಿವ್ಯಾಪ್ತಿಯೇ. ಹಳೆಯ ಕಬ್ಬಿಣವನ್ನು ಕರಗಿಸುವ ಕುಲುಮೆಯು ಚಕ್ರೀಯವಾದರೂ ಜೈವಿಕವಲ್ಲ. ಹಸಿರಾದುದು ಜೈವಿಕವೆಂದರೂ ಅಷ್ಟೇ. ಪಾವಗಡದ ಸೌರವಿದ್ಯುತ್ತು ಹಸಿರೆನ್ನಿಸಿಕೊಂಡರೂ ಅಲ್ಲಿ ಯಾವ ಜೀವಿಯೂ ಸಾಧನವಾಗಿಲ್ಲ. ಹಾಗಾದರೆ ಈ ಪದಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆ? ಉಂಟು, ಆದರೆ ಆ ಸಂಬಂಧವು ಪರ್ಯಾಯಪದಗಳದ್ದಲ್ಲ, ಒಂದೇ ವಾಕ್ಯದ ಬೇರೆ ಬೇರೆ ಪದಗಳದ್ದು. ‘ಜೈವಿಕ’ವು ವಸ್ತು ಯಾವುದೆಂಬುದನ್ನು ಹೇಳುತ್ತದೆ. ‘ಚಕ್ರೀಯ’ವು ಕ್ರಿಯೆ ನಡೆಯುವ ರೀತಿಯನ್ನು ಹೇಳುತ್ತದೆ. ‘ಹಸಿರು’ ಫಲವನ್ನು ಹೇಳುತ್ತದೆ. ‘ಸುಸ್ಥಿರ’ವು ಕಾಲವನ್ನು ಹೇಳುತ್ತದೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಶಾಸ್ತ್ರಕಾರರು ಹೇಳಿರುವಂತೆ, ಇವುಗಳಲ್ಲಿ ಒಂದೊಂದೂ ಉಳಿದುವನ್ನು ಅಪೇಕ್ಷಿಸುತ್ತದೆ. ಯಾವುದೊಂದನ್ನೂ ಪೂರ್ಣವಾಕ್ಯವೆಂದು ತಿಳಿಯಕೂಡದು. ನಾಲ್ಕೂ ಸೇರಿದರೂ ಯಾರು ಮಾಡುವವರು, ಯಾರಿಗಾಗಿ ಎಂಬ ಕರ್ತೃ ಸಂಪ್ರದಾನಗಳು ಉಳಿದೇ ಇರುತ್ತವೆ.

5. ಉದಾಹರಣೆಗಳ ಪರೀಕ್ಷೆ

(ಅ) ಹೊಂಗೆ. ಯುಗಾದಿಯ ಹೊತ್ತಿಗೆ ಚಿಗುರಿ ನೆರಳು ಕೊಡುವ ಈ ಮರವು ಕನ್ನಡನಾಡಿನ ಬಯಲುಸೀಮೆಗೆ ಬಹುಪರಿಚಿತ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿಯು ತೋಟಕ್ಕೆ. ಬೀಜದ ತೂಕದಲ್ಲಿ ಮೂರರಲ್ಲೊಂದು ಭಾಗದಷ್ಟು ಎಣ್ಣೆಯಿರುತ್ತದೆ. ಅದು ತಿನ್ನುವುದಕ್ಕೆ ಬಾರದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸರು ಈ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ಹಳ್ಳಿಗೆ ನೀರೆತ್ತಬಹುದೆಂದು ತೋರಿಸಿದರು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಏರ್ಪಡಿಸಿತು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನು ಅಂಗೀಕರಿಸಿತು.

ಇಲ್ಲಿ ಎಣ್ಣೆಗೂ ಹಿಂಡಿಗೂ ಇರುವ ಭೇದವು ಮುಖ್ಯ. ಎಣ್ಣೆಯಲ್ಲಿರುವುದು ಬಹುಮಟ್ಟಿಗೆ ಇಂಗಾಲ, ಜಲಜನಕ, ಆಮ್ಲಜನಕ. ಇವನ್ನು ಮರವು ಗಾಳಿಯಿಂದಲೂ ನೀರಿನಿಂದಲೂ ಪಡೆಯುತ್ತದೆ. ಸಾರಜನಕವೂ ಇತರ ಪೋಷಕಗಳೂ ಹಿಂಡಿಯಲ್ಲಿ ಉಳಿಯುತ್ತವೆ. ಎಣ್ಣೆಯು ಪಟ್ಟಣಕ್ಕೆ ಹೋಗಿ ಹಿಂಡಿಯು ಹೊಲಕ್ಕೆ ಮರಳಿದರೆ ವ್ಯವಸ್ಥೆಯು ಜೈವಿಕವೂ ಹೌದು, ಚಕ್ರೀಯವೂ ಹೌದು. ಜೀವವು ಸಾಧನಮಾತ್ರವಾಗಿ ಉಳಿದಿದೆ. ಹಿಂಡಿಯೂ ಹೊರಗೆ ಮಾರಾಟವಾಗಿ ಹೋದರೆ ಅದೇ ಮರ, ಅದೇ ಎಣ್ಣೆ, ಅದೇ ‘ಜೈವಿಕ’ವೆಂಬ ಹೆಸರು ಉಳಿದಿದ್ದರೂ ವಿಭಕ್ತಿಯು ಪಂಚಮಿಯಾಗುತ್ತದೆ, ಹೊಲವು ಕೊಡುವುದೇ ಹೊರತು ಪಡೆಯುವುದಿಲ್ಲ. ರಾಜ್ಯದ ಕಾರ್ಯಕ್ರಮಗಳಲ್ಲೊಂದಕ್ಕೆ ‘ಬರಡು ಬಂಗಾರ’ವೆಂಬ ಹೆಸರಿತ್ತು. ಹೆಸರು ಸೊಗಸಾಗಿದೆ. ಆದರೆ ಕಂದಾಯದ ದಾಖಲೆಯಲ್ಲಿ ಬರಡೆನ್ನಿಸಿಕೊಂಡ ನೆಲವು ಕುರಿಗಾಹಿಯ ಪಾಲಿಗೆ ಹುಲ್ಲುಗಾವಲಾಗಿರಬಹುದು. ಬಂಗಾರವು ಯಾರಿಗೆಂಬ ಚತುರ್ಥಿಯನ್ನು ಕೇಳದೆ ಆ ಹೆಸರಿನ ಅರ್ಥವು ಪೂರ್ಣವಾಗದು.

(ಆ) ಸಗಣಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ವಿಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವ ‘ಅಸ್ತ್ರ’ ಎಂಬ ಕೇಂದ್ರವು ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಸಮುದಾಯದ ಗೋಬರ್ ಅನಿಲ ಘಟಕವನ್ನು ನಿರ್ಮಿಸಿದರು. ಎಲ್ಲ ಮನೆಗಳಿಗೂ ಅಡುಗೆಯ ಅನಿಲವನ್ನು ಕೊಡಬೇಕೆಂಬುದು ಮೊದಲ ಉದ್ದೇಶ. ದೊರೆತ ಸಗಣಿಯಿಂದ ಅಷ್ಟು ಅನಿಲವು ಹುಟ್ಟಲಿಲ್ಲ, ಯೋಜನೆಯು ನಿಂತಿತು. ಅನಂತರ, 1987ರಿಂದ, ಆ ಅನಿಲಕ್ಕೆ ಸ್ವಲ್ಪ ಡೀಸೆಲ್ಲನ್ನು ಕೂಡಿಸಿ ಎಂಜಿನ್ನನ್ನು ನಡೆಸಿ, ಕೊಳವೆಬಾವಿಯಿಂದ ನೀರನ್ನೆತ್ತಿ ನಲ್ಲಿಗಳಿಗೆ ಬಿಡುವುದು, ಮನೆಗಳಿಗೆ ದೀಪ ಕೊಡುವುದು ಎಂಬ ಏರ್ಪಾಡಾಯಿತು. ಸಗಣಿಯನ್ನು ತಂದುಕೊಟ್ಟವರಿಗೆ ಹೊತ್ತುತಂದುದಕ್ಕಾಗಿ ಸ್ವಲ್ಪ ಹಣವೂ, ಅನಿಲವು ಹೊರಟಮೇಲೆ ಉಳಿದ ಗೊಬ್ಬರವೂ ಮರಳಿ ಸಿಕ್ಕುತ್ತಿದ್ದುವು.

ಈ ಉದಾಹರಣೆಯಲ್ಲಿ ಶುದ್ಧಜೈವಿಕತೆಯಿಲ್ಲ, ಡೀಸೆಲ್ ಬೆರೆತಿದೆ. ಮೊದಲ ಪ್ರಯತ್ನವು ಸೋತದ್ದೂ ನಿಜ. ಆದರೂ ಚತುರ್ಥಿಯು ಇಲ್ಲಿ ಸ್ಪಷ್ಟವಾಗಿದೆ. ಗೊಬ್ಬರವು ಮರಳಿ ಬಾರದಿದ್ದರೆ ರೈತನು ಸಗಣಿಯನ್ನು ಕೊಡುತ್ತಿರಲಿಲ್ಲ. ನೀರು ಸರ್ವರಿಗೂ ಬಾರದಿದ್ದರೆ ದನವಿಲ್ಲದವನಿಗೆ ಆ ಘಟಕದಿಂದ ಪ್ರಯೋಜನವಿರುತ್ತಿರಲಿಲ್ಲ. ಒಲೆಯ ಅನಿಲವು ಸಾಲದೆಂದು ಕಂಡಾಗ ‘ಜೈವಿಕ’ವೆಂಬ ಪದವನ್ನು ಬಿಗಿಹಿಡಿಯದೆ, ಹಳ್ಳಿಗೆ ಮೊದಲು ಬೇಕಾದುದು ಯಾವುದೆಂದು ಕೇಳಿ ಯೋಜನೆಯನ್ನು ತಿರುಗಿಸಿದುದೇ ಅದರ ಗುಣ. ‘ಅಸ್ತ್ರ’ ಕೇಂದ್ರವು ಮುಂದೆ ‘ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ’ವೆಂದು ಹೆಸರನ್ನು ಬದಲಿಸಿಕೊಂಡಿತು. ಹಳೆಯ ಹೆಸರಿನ ವಿಸ್ತಾರದಲ್ಲಿ ‘ಗ್ರಾಮಪ್ರದೇಶಗಳಿಗೆ’ ಎಂಬ ಚತುರ್ಥಿಯಿತ್ತು. ಹೊಸ ಹೆಸರಿನಲ್ಲಿ ಕಾಲವಾಚಕವಾದ ವಿಶೇಷಣವಿದೆ. ಕೆಲಸವು ಅದೇ ಆಗಿರಬಹುದಾದರೂ, ಪದಗಳು ಕಾಲಕ್ರಮದಲ್ಲಿ ಯಾವುದನ್ನು ಬಿಟ್ಟುಕೊಡುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

(ಇ) ನೀರು. ಜಕ್ಕೂರಿನಲ್ಲಿ ದಿನಕ್ಕೆ ಒಂದು ಕೋಟಿ ಲೀಟರು ಕೊಳಚೆನೀರನ್ನು ಶುದ್ಧಿಗೊಳಿಸುವ ಸಾಮರ್ಥ್ಯದ ಘಟಕವನ್ನು ಕಟ್ಟಿದರು. ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗುನೆಲದ ಮೂಲಕ ಹಾಯ್ದು ಕೆರೆಯನ್ನು ಸೇರುವಂತೆ ಏರ್ಪಾಡಾಯಿತು. ಸೂಕ್ಷ್ಮಜೀವಿಗಳೂ ಜೊಂಡಿನ ಬೇರುಗಳೂ ನೀರಿನ ಕೊಳೆಯನ್ನು ತಿನ್ನುತ್ತವೆ. ಕೆರೆಯಲ್ಲಿ ಮೀನು ಬೆಳೆಯುತ್ತದೆ. ಸುತ್ತಣ ಬಾವಿಗಳಿಗೆ ನೀರು ಇಂಗುತ್ತದೆ. ಬೀಜಾಂಕುರನ್ಯಾಯದಂತೆ ಇಲ್ಲಿ ತ್ಯಾಜ್ಯವು ಸಂಪತ್ತಿಗೂ, ಸಂಪತ್ತು ತ್ಯಾಜ್ಯಕ್ಕೂ ಕಾರಣವಾಗುತ್ತದೆ. ಜೈವಿಕ, ಚಕ್ರೀಯ, ಹಸಿರು ಎಂಬ ಮೂರು ಪದಗಳೂ ಒಂದೇ ಸ್ಥಳದಲ್ಲಿ ಸೇರಿರುವುದು ಅಪರೂಪವಾದರೂ ಅಸಂಭವವಲ್ಲವೆಂಬುದಕ್ಕೆ ಇದು ಸಾಕ್ಷಿ.

ಆದರೆ ಚಕ್ರವು ದೊಡ್ಡದಾದಂತೆ ಪ್ರಶ್ನೆಯೂ ದೊಡ್ಡದಾಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 21 ಕೋಟಿ ಲೀಟರು ಸಂಸ್ಕರಿಸಿದ ನೀರನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮುಂತಾದ ಕಡೆಯ 65 ಕೆರೆಗಳಿಗೆ ಹಾಯಿಸುವುದೆಂದು ನಿಶ್ಚಯಿಸಲಾಯಿತು. ಬತ್ತಿದ ಕೆರೆಗಳಿಗೆ ನೀರು ಬರುವುದು ಸಾಮಾನ್ಯ ಉಪಕಾರವಲ್ಲ. ಆದರೆ ಈ ನೀರಿಗೆ ಯೋಜಿಸಿದ್ದು ಎರಡನೆಯ ಹಂತದ ಶುದ್ಧೀಕರಣ. ಅಂತರ್ಜಲವನ್ನೇ ಕುಡಿಯುವ ಸೀಮೆಗೆ ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿಯ ಜನರು ಕೇಳಿದರು. ಇದೇ ಬಗೆಯದಾದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರಕ್ಕೆ ಹರಿದಾಗ, ಆ ವಿವಾದವು ಹೈಕೋರ್ಟಿಗೂ ಅನಂತರ ಸುಪ್ರೀಂ ಕೋರ್ಟಿಗೂ ಹೋಯಿತು. ಯಲಹಂಕದಲ್ಲಿಯಾದರೋ ವಿಮಾನನಿಲ್ದಾಣವೇ ಮೊದಲಾದವುಗಳಿಗೆ ಒದಗಿಸುವುದಕ್ಕಾಗಿ ಮೂರನೆಯ ಹಂತದ ಘಟಕವೊಂದನ್ನು ಮೊದಲೇ ಕಟ್ಟಿದ್ದರು. ಎರಡು ಕಡೆಯಲ್ಲಿಯೂ ಕ್ರಿಯೆಯು ಚಕ್ರೀಯವೇ. ಸಂಪ್ರದಾನವು ಬೇರೆಯಾದಾಗ ಶುದ್ಧಿಯ ಹಂತವೂ ಬೇರೆಯಾಯಿತು. ‘ಚಕ್ರೀಯ’ವೆಂಬ ವಿಶೇಷಣದಿಂದ ಈ ಭೇದವು ಎಂದಿಗೂ ಹೊರಬೀಳದು. ‘ಯಾರಿಗೆ?’ ಎಂದು ಕೇಳಿದ ಕ್ಷಣದಲ್ಲಿಯೇ ಹೊರಬೀಳುತ್ತದೆ.

6. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು ಹೊಸಬರದು. ಪದಗಳು ಸಂಕೇತಮಾತ್ರ; ಲಸಿಕೆ, ಕಿಣ್ವ, ಇಂಧನಗಳು ತಯಾರಾಗಿ ಉದ್ಯೋಗ ಹೆಚ್ಚಿದರೆ ವಿಭಕ್ತಿಯಿಂದ ಆಗುವುದೇನು ಎಂದು ಅವರು ಕೇಳುವರು. ತೃತೀಯಾರ್ಥದಲ್ಲಿ ಸಾಧಿತವಾದ ಫಲಗಳನ್ನು ಅಲ್ಲಗಳೆಯಲಾಗದು. ಸೂಕ್ಷ್ಮಜೀವಿಯನ್ನು ಸಾಧನವಾಗಿ ಮಾಡಿಕೊಂಡ ಲಸಿಕೆಯಿಂದ ಮನುಷ್ಯರೂ ದನಗಳೂ ಬದುಕಿಕೊಂಡಿರುವುದು ಪ್ರತ್ಯಕ್ಷ. ಆದರೆ ಒಂದೇ ಮೊತ್ತದಲ್ಲಿ ಲಸಿಕೆಯನ್ನೂ ಕಬ್ಬಿನ ಎಥನಾಲನ್ನೂ ಕೂಡಿಸಿ ಲೆಕ್ಕ ಹಾಕಿದಾಗ, ಸಾಧನವೂ ಅಪಾದಾನವೂ ಬೆರೆತುಹೋಗುತ್ತವೆ. ಲಸಿಕೆಯ ತಯಾರಿಕೆಯು ಹೆಚ್ಚಿದರೆ ನೆಲವು ಬಡವಾಗುವುದಿಲ್ಲ. ಕಬ್ಬಿನ ವಿಸ್ತಾರವು ಹೆಚ್ಚಿದರೆ ನೀರಿನ ಲೆಕ್ಕವನ್ನು ಬೇರೆ ಇಡಬೇಕಾಗುತ್ತದೆ. ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲನ್ನು ಬೆರೆಸುವ ಗುರಿಯನ್ನು 2030ರಿಂದ 2025–26ಕ್ಕೆ ಹಿಂದಕ್ಕೆ ತಂದಾಗ ಆ ಲೆಕ್ಕದ ಅಗತ್ಯವೂ ಅಷ್ಟೇ ಬೇಗನೆ ಬಂದಿತು.

ಎರಡನೆಯ ಆಕ್ಷೇಪವು ಹಳಬರದು. ಇದೆಲ್ಲವೂ ಪ್ರಾಚೀನರಲ್ಲಿಯೇ ಇದೆ. ಹೊಸ ಪದಗಳೇತಕ್ಕೆ ಎಂದು ಅವರು ಹೇಳುವರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರಕ್ಕೂ ‘ವಾರ್ತೆ’ಯೆಂಬ ಹೆಸರಿರುವುದು ನಿಜ, ಅರ್ಥವೆಂದರೆ ಮನುಷ್ಯರ ಜೀವನೋಪಾಯವೆಂದು ಅವನು ಹೇಳಿರುವುದೂ ನಿಜ. ಆದರೆ ಅದೇ ಗ್ರಂಥವು ವಾರ್ತೆಯಿಂದ ರಾಜನಿಗೆ ದೊರೆಯುವ ಲಾಭಗಳಲ್ಲಿ ಧಾನ್ಯ, ಪಶು, ಚಿನ್ನ, ಅರಣ್ಯದ ಸರಕುಗಳ ಜೊತೆಗೆ ಬಿಟ್ಟಿದುಡಿಮೆಯನ್ನೂ ಎಣಿಸುತ್ತದೆ. ಕಾಡಿನಿಂದ ಸರಕು ತರಿಸಲು ಕುಪ್ಯಾಧ್ಯಕ್ಷನನ್ನು ನೇಮಿಸಿದ ರಾಜ್ಯವೇ ಕೆಲವು ಪ್ರಾಣಿಗಳಿಗೆ ಅಭಯವನ್ನೂ ಕೊಟ್ಟಿತು. ಪಂಚಮಿಯೂ ಚತುರ್ಥಿಯೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಪ್ರಾಚೀನವೆಂಬ ಕಾರಣದಿಂದಲೇ ಅದು ನಿರ್ದುಷ್ಟವಾಗದು, ಹೊಸತೆಂಬ ಕಾರಣದಿಂದಲೇ ಇದೂ ಆಗದು.

ಈ ಎರಡರ ನಡುವೆ ನೆನೆಯಬೇಕಾದವರು ಜೆ. ಸಿ. ಕುಮಾರಪ್ಪನವರು. 1945ರ ತಮ್ಮ ಗ್ರಂಥದಲ್ಲಿ ಅವರು ಶಾಶ್ವತವಾದ ಅರ್ಥವ್ಯವಸ್ಥೆಯ ಲಕ್ಷಣವನ್ನು ವಿಚಾರಿಸಿ, ಪರಾವಲಂಬನೆಯಿಂದ ಸೇವೆಯವರೆಗೆ ಐದು ಮೆಟ್ಟಿಲುಗಳನ್ನು ಹೇಳಿದರು. ಕಲ್ಲಿದ್ದಲು ಕಲ್ಲೆಣ್ಣೆಗಳಂತೆ ತೆಗೆದಷ್ಟೂ ಬರಿದಾಗುವ ಸಂಗ್ರಹ, ಕಾಡಿನಂತೆ ಮತ್ತೆ ಮತ್ತೆ ಬರುವ ಪ್ರವಾಹ ಎಂದು ಸಂಪತ್ತಿನಲ್ಲಿ ಭೇದವನ್ನೂ ಮಾಡಿದರು. ಪ್ರವಾಹವನ್ನೇ ನೆಚ್ಚಬೇಕೆಂಬುದು ಇಂದಿನ ಜೈವಿಕ ವಾದ. ಆದರೆ ಕುಮಾರಪ್ಪನವರು ಅಲ್ಲಿಗೆ ನಿಲ್ಲಿಸದೆ, ತೆಗೆದುಕೊಳ್ಳುವವನ ನಡತೆಯನ್ನು ಕೊನೆಯ ಅಳತೆಗೋಲಾಗಿಟ್ಟರು. ಪರಾವಲಂಬಿಯ ಅರ್ಥವ್ಯವಸ್ಥೆಯೂ ಜೈವಿಕವಾಗಬಲ್ಲುದೆಂಬುದು ಅವರ ಶ್ರೇಣಿಯಿಂದಲೇ ಹೊರಡುವ ನ್ಯಾಯವಾದ ನಿಗಮನ.

7. ಉಪಸಂಹಾರ

ಮೇಲಿನ ವಿಚಾರದಿಂದ ಫಲಿತವಾಗುವುದಿಷ್ಟು. ‘ಜೈವಿಕ’, ‘ಚಕ್ರೀಯ’, ‘ಹಸಿರು’, ‘ಸುಸ್ಥಿರ’ ಎಂಬುವು ಪರ್ಯಾಯಪದಗಳಲ್ಲ. ಕ್ರಮವಾಗಿ ವಸ್ತು, ರೀತಿ, ಫಲ, ಕಾಲಗಳನ್ನು ಹೇಳುವ, ಪರಸ್ಪರಾಕಾಂಕ್ಷೆಯುಳ್ಳ ಪದಗಳು. ಇವುಗಳಲ್ಲಿ ‘ಜೈವಿಕ’ವು ತಾನೇ ಮೂರು ವಿಭಕ್ತಿಗಳಲ್ಲಿ ನಿಲ್ಲಬಲ್ಲುದಾದುದರಿಂದ, ಅದನ್ನು ಬಳಸುವವನು ಯಾವ ವಿಭಕ್ತಿಯಲ್ಲಿ ಬಳಸುತ್ತಿದ್ದಾನೆಂಬುದನ್ನು ಹೇಳಬೇಕು. ತೃತೀಯೆಯಲ್ಲಾದರೆ ಸಾಧನವು ಕೆಡದೆ ಉಳಿಯಿತೇ ಎಂದು ಕೇಳತಕ್ಕದ್ದು. ಪಂಚಮಿಯಲ್ಲಾದರೆ ತೆಗೆದುದರಲ್ಲಿ ಎಷ್ಟು ಮರಳಿತೆಂದು ಕೇಳತಕ್ಕದ್ದು. ಚಕ್ರೀಯವೆಂಬ ಪದವು ಉಪಯೋಗಕ್ಕೆ ಬರುವುದು ಅಲ್ಲಿಯೇ. ಚತುರ್ಥಿಯು ಮಾತ್ರ ಸ್ವಯಂಪ್ರಯೋಜನವನ್ನು ಹೇಳುವುದರಿಂದ, ಉಳಿದೆರಡೂ ಅದಕ್ಕೆ ಅಂಗವಾದಾಗಲೇ ಸಾರ್ಥಕವಾಗುವುವು.

ಪಾಠಪುಸ್ತಕವನ್ನು ಬರೆಯುವವರೂ ಸರ್ಕಾರದ ಬರಹಗಳನ್ನು ಕನ್ನಡಕ್ಕೆ ತರುವವರೂ ಈ ಪದಗಳನ್ನು ಒಂದರಲ್ಲೊಂದು ಕಲಸದೆ, ಅವುಗಳ ಸ್ಥಾನಗಳಲ್ಲಿಯೇ ಇಡುವುದಾದರೆ, ಓದುವ ಹುಡುಗನಿಗೆ ಪ್ರಶ್ನೆ ಕೇಳುವ ಶಕ್ತಿಯು ಉಳಿಯುವುದು. ಅಧ್ಯಾಪಕರು ವಿಭಕ್ತಿಯನ್ನು ಕಲಿಸುವಾಗ ರಾಮ, ಮರ, ಕೊಡಲಿಗಳ ಜೊತೆಗೆ ಹೊಂಗೆಯ ಹಿಂಡಿಯನ್ನೂ ಪುರದ ಸಗಣಿಯನ್ನೂ ಹೆಬ್ಬಾಳದ ನೀರನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಯಾವುದರಿಂದ?’ ಎಂಬ ಪ್ರಶ್ನೆಗೆ ಉತ್ತರ ಬಂದಮೇಲೆ ‘ಯಾರಿಗೆ?’ ಎಂದು ಕೇಳುವುದನ್ನು ತರಗತಿಯಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಯು, ಚಿಕ್ಕಬಳ್ಳಾಪುರದ ಕೆರೆಯ ಏರಿಯಮೇಲೆ ನಿಂತಾಗಲೂ ಅದನ್ನು ಕೇಳಿಯಾನು.